‘ಶಾಂತ ದ್ವೀಪ, ಪುಟ್ಟ ಮಕ್ಕಳಿಗೆ ಸೇಫ್’ ಎಂಬ ಫಾರ್ವರ್ಡ್: ನೀರು ಶಾಂತವಾಗಿ ಕಂಡರೆ ಅಪಾಯವಿಲ್ಲವೇ?

ರಜೆ ಹತ್ತಿರವಾದಂತೆ ಶಿಕಾರಿಪುರ, ಸೊರಬದ ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಇಂಥ ಫಾರ್ವರ್ಡ್ ಓಡಾಡಲು ಶುರುವಾಗುತ್ತದೆ. ನೀಲಿ ನೀರು, ಬಿಳಿ ಮರಳು, ನರಪಿಳ್ಳೆಯೂ ಇಲ್ಲದ ದಂಡೆ. ಕೆಳಗೆ ‘ಕರ್ನಾಟಕದ ಮಾಲ್ಡೀವ್ಸ್, ಗದ್ದಲವಿಲ್ಲ, ಚಿಕ್ಕ ಮಕ್ಕಳಿಗೆ ಸೇಫ್’ ಎಂಬ ಸಾಲು. ಫೋಟೊದಲ್ಲಿರುವುದು ಲಕ್ಷದ್ವೀಪವೋ ಮಾಲ್ಡೀವ್ಸೋ, ಹೆಸರು ಮಾತ್ರ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ್ದು. ಒಂದೂವರೆ, ಎರಡು ವರ್ಷದ ಮಗು ಇರುವ ಮನೆಯಲ್ಲಿ ಇದನ್ನು ನೋಡಿದ ಕೂಡಲೇ ಕಾರ್ ಬುಕ್ ಮಾಡುವ ಮಾತು ಬರುತ್ತದೆ. ಅದಕ್ಕೂ ಮೊದಲು ‘ಶಾಂತ’ ಎಂದರೆ ಏನು ಎಂದು ಸ್ವಲ್ಪ ನೋಡೋಣ.

ದ್ವೀಪ ಎಂದ ಮಾತ್ರಕ್ಕೆ ಅಲೆ ಕಡಿಮೆ ಇರುವುದಿಲ್ಲ. ಲಕ್ಷದ್ವೀಪದ ಬಹುತೇಕ ದ್ವೀಪಗಳ ಒಂದು ಬದಿಯಲ್ಲಿ ಹವಳದ ದಿಬ್ಬ ಗೋಡೆಯಂತೆ ನಿಂತಿದೆ. ಸಮುದ್ರದ ಅಲೆ ಅಲ್ಲೇ ಒಡೆದುಹೋಗಿ, ಒಳಗಿನ ಲಗೂನ್‌ನ ನೀರು ಕೆರೆಯಂತೆ ಇರುತ್ತದೆ. ಸೇಂಟ್ ಮೇರೀಸ್ ಹುಟ್ಟಿದ್ದೇ ಬೇರೆ ರೀತಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಮತ್ತು ಭಾರತ ಇನ್ನೂ ಅಂಟಿಕೊಂಡಿದ್ದ ಕಾಲದಲ್ಲಿ, ಲಾವಾ ತಣ್ಣಗಾಗಿ ಕಂಬ ಕಂಬವಾಗಿ ನಿಂತ ಬಂಡೆಗಳವು. ನೋಡಲೇಬೇಕಾದ ಜಾಗ, ಅನುಮಾನವಿಲ್ಲ. ಆದರೆ ಅಲೆ ತಡೆಯುವ ಹವಳದ ಗೋಡೆ ಅಲ್ಲಿಲ್ಲ. ಚೂಪು ಬಂಡೆ, ಚಿಪ್ಪುಗಳಿವೆ. ರಾತ್ರಿ ತಂಗುವಂತಿಲ್ಲ, ಮಳೆಗಾಲದಲ್ಲಿ ದೋಣಿಯೂ ಇಲ್ಲ.

ಹಾಗಾದರೆ ಲಕ್ಷದ್ವೀಪಕ್ಕೇ ಹೋಗಬಹುದಲ್ಲ? 2024ರ ಜನವರಿಯಲ್ಲಿ ಪ್ರಧಾನಿ ಭೇಟಿಯ ಫೋಟೊಗಳು ಹರಿದಾಡಿದ ಮೇಲೆ ಈ ಪ್ರಶ್ನೆ ತುಂಬಾ ಜನರಿಗೆ ಬಂತು. ಹೋಗಲು ಪರ್ಮಿಟ್ ಬೇಕು. ಹಡಗಾದರೆ ಕೊಚ್ಚಿಯಿಂದ 14ರಿಂದ 18 ಗಂಟೆ. ಅದಕ್ಕಿಂತ ಮುಖ್ಯವಾದ ಮಾತು ಫಾರ್ವರ್ಡ್‌ನಲ್ಲಿ ಇರುವುದೇ ಇಲ್ಲ: ದ್ವೀಪದಲ್ಲಿ ಆಸ್ಪತ್ರೆ ಇದ್ದರೂ, ಕಾಯಿಲೆ ಗಂಭೀರವಾದರೆ ರೋಗಿಯನ್ನು ಹೆಲಿಕಾಪ್ಟರ್‌ನಲ್ಲಿ ಕೊಚ್ಚಿಗೆ ಸಾಗಿಸಬೇಕಾಗುತ್ತದೆ. ಹವಾಮಾನ ಕೆಟ್ಟರೆ ಅದಕ್ಕೂ ಕಾಯಬೇಕು. ವಾಂತಿ ಭೇದಿಯಿಂದ ಪುಟ್ಟ ಮಗು ಕೆಲವೇ ಗಂಟೆಗಳಲ್ಲಿ ಸೋತುಹೋಗುತ್ತದೆ. ಬ್ಯಾಗಿನಲ್ಲಿ ಓಆರ್‌ಎಸ್ ಪ್ಯಾಕೆಟ್ ಇರಲಿ. ‘ಎಳನೀರು ಇದ್ದರೆ ಓಆರ್‌ಎಸ್ ಯಾಕೆ’ ಎನ್ನುವ ಇನ್ನೊಂದು ಫಾರ್ವರ್ಡ್ ನಂಬಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಭೇದಿಯಲ್ಲಿ ಹೆಚ್ಚಾಗಿ ನಷ್ಟವಾಗುವ ಸೋಡಿಯಂ ಕಡಿಮೆ.

ಅಲೆ ಇಲ್ಲದ ಜಾಗವೇ ಸೆಳವಿನ ಜಾಗ

ನಮ್ಮ ಕಡೆಯವರು ಘಟ್ಟ ಇಳಿದರೆ ಸಿಗುವುದು ಹೊನ್ನಾವರ, ಮುರ್ಡೇಶ್ವರ, ಕುಮಟಾ, ಗೋಕರ್ಣ. ಎಲ್ಲವೂ ತೆರೆದ ಅರಬ್ಬೀ ಸಮುದ್ರ. ಇಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ನುಣ್ಣಗೆ, ಸ್ವಲ್ಪ ಕಪ್ಪಾಗಿ ಕಂಡರೆ ‘ಇಲ್ಲಿ ಅಲೆ ಇಲ್ಲ, ಮಗುವನ್ನು ಇಲ್ಲಿ ಇಳಿಸಿ’ ಎನ್ನುವುದು. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಲು ಮಾಡಿಕೊಂಡ ಕಾಲುವೆ ಅದು. ಅಲ್ಲಿ ಆಳ ಹೆಚ್ಚು, ಅದಕ್ಕೇ ಅಲೆ ಒಡೆಯುವುದಿಲ್ಲ. ಇದನ್ನೇ ರಿಪ್ ಕರೆಂಟ್ ಎನ್ನುತ್ತಾರೆ. ಜೋರಾದ ಸೆಳವು ಸೆಕೆಂಡಿಗೆ 2 ಮೀಟರ್ ದಾಟುತ್ತದೆ, ಒಲಿಂಪಿಕ್ ಈಜುಗಾರರೂ ಅದಕ್ಕೆ ಎದುರಾಗಿ ಈಜಲಾರರು. ಹುಚ್ಚರಾಯನ ಕೆರೆಯಲ್ಲಿ, ಅಂಜನಾಪುರದ ಹಿನ್ನೀರಿನಲ್ಲಿ ಈಜು ಕಲಿತ ಅಪ್ಪಂದಿರು, ಸೋದರಮಾವಂದಿರು ಇಲ್ಲಿ ಮೋಸಹೋಗುತ್ತಾರೆ, ಯಾಕೆಂದರೆ ಕೆರೆಯ ನೀರು ಯಾರನ್ನೂ ಹೀಗೆ ಎಳೆದುಕೊಂಡು ಹೋಗುವುದಿಲ್ಲ. ಸೆಳವಿಗೆ ಸಿಕ್ಕರೆ ದಡದ ಕಡೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ನೀರಿನಲ್ಲಿ ಮುಳುಗಿ ಸತ್ತರು. ಅವರು ಹೈಸ್ಕೂಲ್ ವಯಸ್ಸಿನ ಮಕ್ಕಳು. ನಮ್ಮ ಮೊಣಕಾಲಿನಷ್ಟು ನೀರು ಎರಡು ವರ್ಷದ ಮಗುವಿನ ಹೊಟ್ಟೆ ದಾಟುತ್ತದೆ.

ಜನವೇ ಇಲ್ಲದ ಬೀಚ್ ಎಂದರೆ ಸಾಮಾನ್ಯವಾಗಿ ಲೈಫ್‌ಗಾರ್ಡೂ ಇಲ್ಲದ ಬೀಚ್. ಹಾಗಾಗಿ ನನ್ನನ್ನು ಕೇಳಿದರೆ, ಸ್ವಲ್ಪ ಜನ ಇದ್ದರೂ ಪರವಾಗಿಲ್ಲ, ಹೊನ್ನಾವರದ ಕಾಸರಕೋಡು ಅಥವಾ ಉಡುಪಿ ಜಿಲ್ಲೆಯ ಪಡುಬಿದ್ರಿಯಂಥ ಕಡೆಯೇ ವಾಸಿ. 2020ರ ಅಕ್ಟೋಬರ್‌ನಲ್ಲಿ ಈ ಎರಡಕ್ಕೂ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಜೀವರಕ್ಷಣೆ, ಪ್ರಥಮ ಚಿಕಿತ್ಸೆ ಎಲ್ಲವನ್ನೂ ನೋಡಿ ಕೊಡುವ ಮಾನ್ಯತೆ ಅದು. ಬೋರ್ಡ್ ನೋಡಿ ಸಮಾಧಾನವಾಗಬೇಡಿ, ಲೈಫ್‌ಗಾರ್ಡ್ ಆ ಹೊತ್ತಿಗೆ ಇದ್ದಾರೆಯೇ ಎಂದು ಕಣ್ಣಾರೆ ನೋಡಿಯೇ ಇಳಿಯಿರಿ.

ಮುಳುಗುವ ಮಗು ಕೂಗುವುದಿಲ್ಲ

ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ ಕಿರುಚುತ್ತಾರೆ. ನಿಜದಲ್ಲಿ ಉಸಿರಿಗೇ ಬಾಯಿ ಸಾಲದಾಗಿರುವಾಗ ಕೂಗಲು ಆಗುವುದಿಲ್ಲ. ಪುಟ್ಟ ಮಗು ಸದ್ದೇ ಇಲ್ಲದೆ, ಒಂದೆರಡು ನಿಮಿಷದೊಳಗೆ ಮುಳುಗಿಬಿಡಬಹುದು. ನಾವು ಆ ಹೊತ್ತಿಗೆ ಸೆಲ್ಫಿ ನೋಡುತ್ತಿರುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನವರು. ಅವರೆಲ್ಲ ಬೀಚಿಗೆ ಹೋದವರಲ್ಲ. ಹಿತ್ತಲಿನ ತೊಟ್ಟಿ, ತೋಟದ ಕೃಷಿಹೊಂಡ, ಮನೆ ಎದುರಿನ ಕೆರೆ ಸಾಕು. ಮಗು ನೀರಿನ ಹತ್ತಿರ ಇರುವಷ್ಟು ಹೊತ್ತು ಒಬ್ಬ ದೊಡ್ಡವರು ಕೈಗೆಟಕುವ ದೂರದಲ್ಲೇ ಇರಬೇಕು, ಫೋನ್ ಇನ್ನೊಬ್ಬರ ಕೈಯಲ್ಲಿರಲಿ. ತೋಳಿಗೆ ಕಟ್ಟುವ ಗಾಳಿಬಲೂನು ಆಟದ ಸಾಮಾನು, ಲೈಫ್ ಜಾಕೆಟ್ ಅಲ್ಲ.

ಮುಳುಗಿದ ಮಗುವನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ ತಿರುಗಿಸುವ ವಿಡಿಯೊವೂ ಬರುತ್ತಿರುತ್ತದೆ. ಮಾಡಬೇಡಿ. ಹೊರಬರುವುದು ಹೆಚ್ಚಾಗಿ ಹೊಟ್ಟೆಯ ನೀರು. ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ, ಉಸಿರು ಕೊಡಬೇಕಾದ ಸಮಯವೂ ಹೋಗುತ್ತದೆ. ಮಗು ಉಸಿರಾಡುತ್ತಿಲ್ಲವಾದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಬಾಯಿಂದ ಉಸಿರು ಊದಿ, ಎದೆ ಒತ್ತುವುದನ್ನು ಶುರು ಮಾಡಬೇಕು. ಪಕ್ಕದವರು 108ಕ್ಕೆ ಫೋನ್ ಮಾಡಲಿ. ಹೋಗುವ ಮೊದಲೇ ಇದನ್ನು ಯಾರಾದರೂ ನರ್ಸ್ ಹತ್ತಿರ ಒಮ್ಮೆ ಕೈಯಾರೆ ಕಲಿತುಕೊಳ್ಳುವುದು ಒಳ್ಳೆಯದು.

ಇನ್ನು ‘ಡ್ರೈ ಡ್ರೌನಿಂಗ್’: ಚೆನ್ನಾಗಿ ಆಡಿಕೊಂಡಿದ್ದ ಮಗು ವಾರದ ನಂತರ ಇದ್ದಕ್ಕಿದ್ದಂತೆ ಸಾಯುತ್ತದೆ ಎಂದು ಹೆದರಿಸುವ ಮೆಸೇಜ್. ವೈದ್ಯರು ಈ ಹೆಸರನ್ನೇ ಬಳಸಬಾರದು ಎನ್ನುತ್ತಾರೆ. ಉಸಿರಿನ ದಾರಿಗೆ ನೀರು ಹೋಗಿ ತೊಂದರೆಯಾಗಿದ್ದರೆ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ತಿಳಿಯುತ್ತದೆ: ಕೆಮ್ಮು ನಿಲ್ಲುವುದಿಲ್ಲ, ಉಸಿರು ಜೋರಾಗುತ್ತದೆ, ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತದೆ, ಮಗು ಅಸಹಜವಾಗಿ ಮಂಕಾಗುತ್ತದೆ. ಇವುಗಳಲ್ಲಿ ಯಾವುದಾದರೂ ಕಂಡರೆ ‘ಊರಿಗೆ ಹೋಗಿ ತೋರಿಸೋಣ’ ಎನ್ನಬೇಡಿ. ಘಟ್ಟದ ರಸ್ತೆಯಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಕೂಡ ಸಿಗುವುದಿಲ್ಲ. ಕೆಳಗೇ ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ, ಡಾಕ್ಟರ್ ಹೂಂ ಎಂದ ಮೇಲೆ ಘಟ್ಟ ಹತ್ತಿ.