ಡೇಟಾದ ಅಳತೆ ಬಳಸುವವನ ಕೈಯಲ್ಲಿಯೂ ಇರಲಿ

ಸಿಂಧನೂರಿನ ಮಾರುಕಟ್ಟೆಗೆ ಭತ್ತವನ್ನು ತಂದ ರೈತನು, ತೂಕವಾಗುವ ಹೊತ್ತಿನಲ್ಲಿ ಕಾಟಾದ ಅಂಕಿಗಳ ಮೇಲೆಯೇ ಕಣ್ಣಿಟ್ಟು ನಿಂತಿರುತ್ತಾನೆ. ತೂಕವನ್ನು ಇಬ್ಬರೂ ನೋಡಬೇಕೆಂಬುದು ವ್ಯವಹಾರದ ಮೊದಲ ಪಾಠ. ಆದರೆ ಅದೇ ರೈತನ ಮಗನು ಕೊಳ್ಳುವ ಅಂತರ್ಜಾಲದ ಡೇಟಾವನ್ನು ಅಳೆಯುವವರಾರು? ಮಾರುವ ಸಂಸ್ಥೆಯೊಂದೇ. ಕೊಂಡವನು "ಇಂದಿನ ಮಿತಿ ಮುಗಿಯಿತು" ಎಂಬ ಸಂದೇಶ ಬಂದಾಗಲೇ ಎಚ್ಚರಗೊಳ್ಳುತ್ತಾನೆ. ಈ ಅಳತೆಯನ್ನು ವಿದ್ಯಾರ್ಥಿಗಳು ತಾವಾಗಿಯೇ ಮಾಡಲು ಕಲಿಯಬೇಕೆಂಬುದು ನನ್ನ ಅಭಿಪ್ರಾಯ.

ಅಳತೆಗೆ ಮೊದಲು ಮಾನ ಬೇಕಷ್ಟೆ. 1948ರಲ್ಲಿ ಕ್ಲಾಡ್ ಶಾನನ್ ಎಂಬ ಅಮೆರಿಕದ ವಿಜ್ಞಾನಿಯು ಪ್ರಕಟಿಸಿದ ಪ್ರಬಂಧದಿಂದ ಮಾಹಿತಿಯೂ ಅಳೆಯಬಲ್ಲ ಪರಿಮಾಣವಾಯಿತು. ಅದರ ಮಾನವೇ ಬಿಟ್; 8 ಬಿಟ್‌ಗಳು ಸೇರಿದರೆ ಒಂದು ಬೈಟ್. ಇಂದು ಜಾಲದಲ್ಲಿ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಮಸ್ಕಿ' ಎಂಬ ಹೆಸರಿನಲ್ಲಿ ಮ, ಸ, ಹಲಂತ, ಕ, ಗುಡಿಸು ಎಂದು 5 ಸಂಕೇತಗಳಿರುವುದರಿಂದ ಅದರ ಗಾತ್ರ 15 ಬೈಟ್. ಹೀಗೆಯೇ ಎಣಿಸಿದರೆ 'ಸಿಂಧನೂರು' 24, 'ಲಿಂಗಸುಗೂರು' 30. ಇನ್ನು, ಸೆಕೆಂಡಿಗೆ 10 ಲಕ್ಷ ಬಿಟ್‌ಗಳಂತೆ ಹರಿಯುವ ವಿಡಿಯೋವನ್ನು ಒಂದು ಗಂಟೆ ನೋಡಿದರೆ ಆಗುವ ವೆಚ್ಚ 45 ಕೋಟಿ ಬೈಟ್! ವೇಗವನ್ನು ಬಿಟ್‌ಗಳಲ್ಲಿಯೂ ಮೊತ್ತವನ್ನು ಬೈಟ್‌ಗಳಲ್ಲಿಯೂ ಹೇಳುವುದು ವಾಡಿಕೆಯಾದುದರಿಂದ, 8ರಿಂದ ಭಾಗಿಸಲು ಮರೆತವನ ಲೆಕ್ಕ ತಪ್ಪುವುದು ಖಂಡಿತ.

ಆದರೆ ನಾವು ನೋಡಿದುದಷ್ಟೇ ವೆಚ್ಚವಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರನ್ನು ಹೆಚ್ಚಾಗಿ ಎಳೆದುಕೊಂಡರೆ ಕೊನೆಯ ಹೊಲಗಳಿಗೆ ನೀರು ತಲುಪದೆಂಬುದನ್ನು ನಮ್ಮ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ಮನೆಯೊಳಗೂ ಇದೇ ನ್ಯಾಯ. ಒಂದೇ ಮೊಬೈಲಿನ ಹಾಟ್‌ಸ್ಪಾಟಿಗೆ ಕಂಪ್ಯೂಟರನ್ನು ಜೋಡಿಸಿದೊಡನೆ ಅದು ಯಾರನ್ನೂ ಕೇಳದೆ ತನ್ನ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಇಳಿಸಿಕೊಳ್ಳತೊಡಗಬಹುದು; ಸಂಜೆ ತಂಗಿಯ ಪಾಠ ನಡುವೆಯೇ ನಿಲ್ಲುತ್ತದೆ. ಅಣ್ಣನು ತಂಗಿಯನ್ನೂ ತಂಗಿಯು ಅಣ್ಣನನ್ನೂ ದೂರುತ್ತಾರೆ. ನಿಜವಾಗಿ ಬಳಸಿದ ಯಂತ್ರವು ಸುಮ್ಮನೆ ಕುಳಿತಿರುತ್ತದೆ.

ಇದನ್ನು ಅರಿಯುವ ಉಪಾಯ ಕಷ್ಟವಾದುದಲ್ಲ. ವಿಂಡೋಸ್ 10 ಮತ್ತು 11ರಲ್ಲಿ, ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ, 'ಡೇಟಾ ಯೂಸೇಜ್' ಎಂಬ ಪುಟವಿದೆ. ಕಳೆದ 30 ದಿನಗಳಲ್ಲಿ ಯಾವ ತಂತ್ರಾಂಶವು ಎಷ್ಟನ್ನು ಬಳಸಿತೆಂಬುದನ್ನು ಅದು ತೋರಿಸುತ್ತದೆ. ಲಿನಕ್ಸ್ ಬಳಸುವವರಿಗೆ 'ವಿಎನ್‌ಸ್ಟ್ಯಾಟ್' ಎಂಬ ಉಚಿತ ತಂತ್ರಾಂಶವು ದಿನದ, ತಿಂಗಳ ಲೆಕ್ಕವನ್ನು ಬರೆದಿಡುತ್ತದೆ. ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿದರೆ ವಿಂಡೋಸ್ ತನ್ನ ಹಿನ್ನೆಲೆಯ ಬಳಕೆಯನ್ನು ಬಹುಮಟ್ಟಿಗೆ ತಗ್ಗಿಸುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಕಂಪ್ಯೂಟರು ಎಣಿಸುವುದು ತನ್ನ ಪಾಲನ್ನು ಮಾತ್ರ. ಮನೆಯ ಇತರ ಮೊಬೈಲುಗಳ ಪಾಲು ಅದರಲ್ಲಿ ಸೇರದು. ವಿಎನ್‌ಸ್ಟ್ಯಾಟ್‌ನಂಥ ಮಾಪಕವು ಮನೆಯೊಳಗೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದ ಕಡತವನ್ನೂ ಎಣಿಸಿಬಿಡುತ್ತದೆ. ಆದುದರಿಂದ ಎರಡು ಲೆಕ್ಕಗಳು ಹೊಂದದಿದ್ದೊಡನೆ ಸಂಸ್ಥೆಯು ಮೋಸಮಾಡಿತೆನ್ನಲಾಗದು. ಮಾಪಕವು ಎಲ್ಲಿದೆ, ಏನನ್ನು ಅಳೆಯುತ್ತಿದೆ ಎಂದು ಮೊದಲು ಕೇಳಬೇಕು. ಪ್ರಯೋಗಶಾಲೆಯಲ್ಲಿ ನಾವು ಕಲಿಸುವುದೂ ಇದನ್ನೇ ಅಲ್ಲವೇ?

"ಅನಿಯಮಿತ ಯೋಜನೆಯಿರುವಾಗ ಲೆಕ್ಕವೇಕೆ?" ಎಂದು ಕೆಲವರು ಕೇಳಬಹುದು. ಅಂಥ ಹಲವು ಯೋಜನೆಗಳಲ್ಲಿಯೂ ಒಂದು ಮಿತಿ ದಾಟಿದ ಮೇಲೆ ವೇಗವು ಕುಗ್ಗುತ್ತದೆ. ಅದೂ ಅಲ್ಲದೆ, ನಮ್ಮ ಯಂತ್ರದಿಂದ ಹೊರಕ್ಕೆ ಹೋಗುವ ಡೇಟಾವೂ ಇದೆ; ನಾವೇನನ್ನೂ ಕಳುಹಿಸದ ದಿನ ಅದು ವಿಪರೀತವಾಗಿದ್ದರೆ ಕಾರಣವನ್ನು ಹುಡುಕಲೇಬೇಕು.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ವಿದ್ಯಾರ್ಥಿಗಳು ಒಂದು ವಾರ ಪ್ರತಿ ರಾತ್ರಿಯೂ ಈ ಅಂಕಿಗಳನ್ನು ಬರೆದಿಟ್ಟು, ನಕ್ಷೆಯನ್ನೆಳೆದು, ಏರಿಳಿತಗಳ ಕಾರಣವನ್ನು ಹುಡುಕಲಿ. ಇದಕ್ಕೆ ಕಾಸಿನ ಖರ್ಚಿಲ್ಲ. ಆಮೇಲೆ ಸಂಸ್ಥೆಗೆ ದೂರು ಕೊಡಬೇಕಾಗಿ ಬಂದರೂ ಕೈಯಲ್ಲಿ ಅಂಕಿಗಳಿರುತ್ತವೆ.