ಸಂಸದರಿಗೆ ಶಾಲು ಹೊದಿಸಿದರೆ ಸಾಲದು, ಪ್ರಶ್ನೆಯನ್ನೂ ಕೇಳಬೇಕು

ವಿಠ್ಠಲವಾಡಿ: ಕಲ್ಯಾಣ್ ಮತ್ತು ಉಲ್ಲಾಸನಗರದ ನಡುವೆ ಇರುವ ವಿಠ್ಠಲವಾಡಿ ಪರಿಸರದಲ್ಲಿ ಹೊಟೇಲು, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುವ ಕನ್ನಡಿಗರ ಮನೆಗಳಿವೆ. ಡೊಂಬಿವಲಿ, ಅಂಬರನಾಥದಂತೆ ಈ ಭಾಗವೂ ಕಲ್ಯಾಣ್ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಕನ್ನಡ ಸಂಘಗಳ ವಾರ್ಷಿಕೋತ್ಸವಕ್ಕೆ ಸಂಸದರೋ ಶಾಸಕರೋ ಆಗಮಿಸಿದರೆ ಶಾಲು ಹೊದಿಸಿ, ಫಲಪುಷ್ಪ, ಸ್ಮರಣಿಕೆ ನೀಡಿ ಗೌರವಿಸುವುದು ವಾಡಿಕೆ. ಜತೆಗೊಂದು ಮನವಿ ಪತ್ರವೂ ಇರುತ್ತದೆ. ಅದರಲ್ಲಿ ನೀರು, ರಸ್ತೆ, ಲೋಕಲ್ ರೈಲು, ಊರಿಗೆ ಹೋಗುವ ಗಾಡಿ, ಸಂಘದ ಕಟ್ಟಡಕ್ಕೆ ಜಾಗ, ಇಷ್ಟೇ. ಯುದ್ಧ, ಅಣುಶಕ್ತಿ ಎಂಬ ಮಾತು ಆ ಪತ್ರದಲ್ಲಿ ಕಾಣದು. ಅದೆಲ್ಲ ದಿಲ್ಲಿಯ ದೊಡ್ಡವರ ವಿಷಯ ಎಂಬ ಭಾವನೆ ಹೆಚ್ಚಿನವರಲ್ಲಿದೆ.

ಆದರೆ ಅಣುಶಕ್ತಿ ಅಷ್ಟೇನೂ ದೂರದ್ದಲ್ಲ. 1969ರಲ್ಲಿ ವಿದ್ಯುತ್ ಕೊಡಲಾರಂಭಿಸಿದ ದೇಶದ ಮೊದಲ ಅಣು ವಿದ್ಯುತ್ ಸ್ಥಾವರವಿರುವ ತಾರಾಪುರವು, 2014ರಲ್ಲಿ ಪಾಲ್ಘರ್ ಪ್ರತ್ಯೇಕ ಜಿಲ್ಲೆಯಾಗುವ ತನಕ ಥಾಣೆ ಜಿಲ್ಲೆಯಲ್ಲೇ ಇತ್ತು. ನವಿಮುಂಬಯಿಯಿಂದ ಖಾಡಿ ದಾಟಿದರೆ ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರ. ಊರಿನ ಕಡೆ ಕಾಳಿ ನದಿಯ ದಡದಲ್ಲಿ ಕೈಗಾ. 2025ರ ಮೇ 7ರಿಂದ 10ರ ವರೆಗೆ ಆಪರೇಷನ್ ಸಿಂಧೂರ ನಡೆದಾಗ ಅಣ್ವಸ್ತ್ರವುಳ್ಳ ಎರಡು ದೇಶಗಳು ಮುಖಾಮುಖಿಯಾಗಿದ್ದವು. ಇಂತಹ ವಿಷಯದಲ್ಲಿ ಜನಸಾಮಾನ್ಯರ ಪರವಾಗಿ ಸರಕಾರವನ್ನು ಕೇಳಬಹುದಾದ ಜಾಗ ಒಂದೇ, ಅದು ಸಂಸತ್ತು.

ಹಾಗೆ ಕೇಳುವ ಪರಂಪರೆಯ ಆರಂಭದಲ್ಲೇ ಒಬ್ಬ ಕನ್ನಡಿಗರಿದ್ದಾರೆ ಎಂಬುದು ಅನೇಕರಿಗೆ ತಿಳಿದಿಲ್ಲ. 1948ರ ಎಪ್ರಿಲ್‌ನಲ್ಲಿ ಪ್ರಧಾನಿ ನೆಹರೂ ಅವರು ಅಣುಶಕ್ತಿ ಮಸೂದೆಯನ್ನು ಸಂವಿಧಾನ ಸಭೆಯ ಮುಂದಿಟ್ಟರು. ಆಗ ಅದೇ ಸಂಸತ್ತಿನ ಕೆಲಸವನ್ನೂ ಮಾಡುತ್ತಿತ್ತು. ಮಸೂದೆಯಲ್ಲಿದ್ದ ಬಿಗಿಯಾದ ಗೌಪ್ಯತೆಯ ಕಲಮುಗಳನ್ನು ಮೈಸೂರಿನ ಪ್ರತಿನಿಧಿ ಎಸ್.ವಿ. ಕೃಷ್ಣಮೂರ್ತಿ ರಾವ್ ಪ್ರಶ್ನಿಸಿದರು. ಬ್ರಿಟನ್ನಿನ ಕಾನೂನಿನಲ್ಲಿ ಗೌಪ್ಯತೆ ರಕ್ಷಣಾ ಉದ್ದೇಶಕ್ಕೆ ಮಾತ್ರ ಸೀಮಿತವಾಗಿರುವಾಗ, ಇಲ್ಲಿ ಶಾಂತಿಯ ಉದ್ದೇಶದ ಸಂಶೋಧನೆಗೂ ಗುಟ್ಟು ಬೇಕೇ ಎಂಬುದು ಅವರ ಪ್ರಶ್ನೆಯಾಗಿತ್ತು. ಶಾಂತಿಯ ಬಳಕೆ, ಯುದ್ಧದ ಬಳಕೆ ಎಂದು ಎರಡನ್ನೂ ಬೇರ್ಪಡಿಸುವುದು ಹೇಗೆಂದು ತಮಗೆ ತಿಳಿಯದು ಎಂಬ ಅರ್ಥದ ಉತ್ತರವನ್ನು ನೆಹರೂ ನೀಡಿದರು. ಒಬ್ಬ ಸದಸ್ಯರು ಎದ್ದು ಕೇಳಿದ್ದರಿಂದಲೇ ಸರಕಾರದ ಮನಸ್ಸಿನಲ್ಲಿದ್ದುದು ದಾಖಲೆಗೆ ಬಂತು. ಪ್ರಶ್ನಿಸಿದ ಕೃಷ್ಣಮೂರ್ತಿ ರಾಯರನ್ನು ಯಾರೂ ದೇಶದ್ರೋಹಿ ಎನ್ನಲಿಲ್ಲ. ಅವರು ಮುಂದೆ ರಾಜ್ಯಸಭೆಯ ಮೊದಲ ಉಪಸಭಾಪತಿಯಾದರು, ಬಳಿಕ ಲೋಕಸಭೆಯ ಉಪಸಭಾಧ್ಯಕ್ಷರೂ ಆದರು.

ಯುದ್ಧಕಾಲದಲ್ಲೂ ಸಂಸತ್ತು ಬಾಯಿ ಮುಚ್ಚಿ ಕೂರಬೇಕಿಲ್ಲ ಎಂಬುದಕ್ಕೆ 1962 ಸಾಕ್ಷಿ. ಅಕ್ಟೋಬರ್ 20ರಂದು ಚೀನಾ ದಾಳಿ ಆರಂಭವಾದಾಗ, ಆಗ ರಾಜ್ಯಸಭೆಯಲ್ಲಿದ್ದ ಅಟಲ್ ಬಿಹಾರಿ ವಾಜಪೇಯಿ ಅಧಿವೇಶನ ಕರೆಯಬೇಕೆಂದು ಒತ್ತಾಯಿಸಿದರು. ನೆಹರೂ ಒಪ್ಪಿದರು. ನವೆಂಬರ್ 8ರಂದು, ಗಡಿಯಲ್ಲಿ ಸೈನಿಕರು ಹೋರಾಡುತ್ತಿರುವಾಗಲೇ ಸಂಸತ್ತು ಸೇರಿತು. ಬಾಗಿಲು ಮುಚ್ಚಿ ಗುಪ್ತ ಅಧಿವೇಶನ ನಡೆಸೋಣ ಎಂಬ ಸಲಹೆಯನ್ನು ಕೂಡ ನೆಹರೂ ಮಾನ್ಯ ಮಾಡಲಿಲ್ಲ. ಉತ್ತರ ಮುಂಬಯಿಯಿಂದ ಆರಿಸಿ ಬಂದಿದ್ದ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಆ ಹೊತ್ತಿಗಾಗಲೇ ರಕ್ಷಣಾ ಖಾತೆಯನ್ನು ಬಿಟ್ಟುಕೊಡಬೇಕಾಗಿ ಬಂದಿತ್ತು. ದೇಶ ಯುದ್ಧದಲ್ಲಿ ಸೋತಿತು, ನಿಜ. ಆದರೆ ಅದಕ್ಕೆ ಕಾರಣ ಸಂಸತ್ತಿನ ಚರ್ಚೆ ಎಂದು ಯಾರೂ ಹೇಳಿಲ್ಲ.

ಈ ಮಾದರಿಯನ್ನು ಮುಂದಿನವರು ಪಾಲಿಸಲಿಲ್ಲ. 1999ರ ಕಾರ್ಗಿಲ್ ಕದನದ ವೇಳೆ ಲೋಕಸಭೆ ವಿಸರ್ಜನೆಯಾಗಿತ್ತು. ರಾಜ್ಯಸಭೆಯನ್ನಾದರೂ ಕರೆಯಿರಿ ಎಂದು ವಿಪಕ್ಷಗಳು ಕೇಳಿಕೊಂಡರೂ ಅದು ನಡೆಯಲಿಲ್ಲ. ಆಗ ಪ್ರಧಾನಿಯಾಗಿದ್ದವರು 1962ರಲ್ಲಿ ಅದೇ ಬೇಡಿಕೆ ಇಟ್ಟಿದ್ದ ವಾಜಪೇಯಿಯವರೇ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಕುರ್ಚಿಯಲ್ಲಿ ಕೂತ ಮೇಲೆ ಪ್ರಶ್ನೆ ಕಿರಿಕಿರಿ ಎನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

2025ರಲ್ಲಿಯೂ ಸರ್ವಪಕ್ಷ ಸಭೆಗಳು ಜರಗಿದವು, ಆದರೆ ವಿಶೇಷ ಅಧಿವೇಶನ ಕರೆಯಲಿಲ್ಲ. ಲೋಕಸಭೆಯಲ್ಲಿ ಚರ್ಚೆ ಆರಂಭವಾದದ್ದು ಜುಲೈ 28ರಂದು, ಗುಂಡಿನ ಸದ್ದು ನಿಂತು ಎರಡೂವರೆ ತಿಂಗಳು ಕಳೆದ ಮೇಲೆ. ಅದಕ್ಕೂ ಮೊದಲೇ ಸರ್ವಪಕ್ಷಗಳ ಏಳು ನಿಯೋಗಗಳು ವಿದೇಶಗಳಿಗೆ ತೆರಳಿ ಭಾರತದ ನಿಲುವನ್ನು ವಿವರಿಸಿ ಬಂದಿದ್ದವು. ಅವುಗಳಲ್ಲಿ ಒಂದರ ನೇತೃತ್ವ ವಹಿಸಿದ್ದವರು ಕಲ್ಯಾಣ್ ಕ್ಷೇತ್ರದ ಸಂಸದ ಡಾ. ಶ್ರೀಕಾಂತ್ ಶಿಂಧೆ. ಅವರ ನಿಯೋಗ ಸಂಯುಕ್ತ ಅರಬ್ ಸಂಸ್ಥಾನ, ಕಾಂಗೋ, ಸಿಯೆರಾ ಲಿಯೋನ್ ಮತ್ತು ಲೈಬೀರಿಯಾಗಳಿಗೆ ಭೇಟಿ ನೀಡಿತು. ಕ್ಷೇತ್ರದ ಮಟ್ಟಿಗೆ ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಪರದೇಶದವರಿಗೆ ಮೊದಲು ವಿವರಣೆ, ಸ್ವದೇಶದ ಸಂಸತ್ತಿಗೆ ಆಮೇಲೆ ಎಂಬ ಕ್ರಮ ಸರಿಯೇ? ಮನೆಯ ಜಗಳದ ಸುದ್ದಿ ಮನೆಯವರಿಗಿಂತ ಮೊದಲು ಪಕ್ಕದ ಚಾಳಿಗೆ ತಿಳಿದಂತಾಗಲಿಲ್ಲವೇ?

ಅಣು ವಿದ್ಯುತ್ತಿನ ಕತೆಯೂ ಬೇರೆಯಲ್ಲ. ಡಾ. ಶಿವರಾಮ ಕಾರಂತರು ಕೈಗಾ ಸ್ಥಾವರವನ್ನು ವಿರೋಧಿಸಿ 1989ರಲ್ಲಿ, ಇಳಿವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಈ ಪ್ರಶ್ನೆ ಕೇಳಬೇಕಾದ ಜಾಗ ಸಂಸತ್ತೇ ಎಂಬುದನ್ನು ಅವರು ಆ ಮೂಲಕ ತೋರಿಸಿಕೊಟ್ಟರು. ಅವರು ಗೆಲ್ಲಲಿಲ್ಲ. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಕೈಗಾದ ಗುಮ್ಮಟದ ಒಳಪದರ ಕುಸಿದುಬಿತ್ತು. ಇಂಧನ ತುಂಬುವ ಮೊದಲೇ ಅದು ಬಿದ್ದುದು ಪುಣ್ಯ. ಮುಂದೆ ಅದೇ ಕೈಗಾದ ಒಂದು ಘಟಕ 962 ದಿನ ನಿರಂತರ ನಡೆದು 2018ರಲ್ಲಿ ವಿಶ್ವದಾಖಲೆಯನ್ನೂ ಮಾಡಿತು. ಹಾಗಾಗಿ ಇಲ್ಲಿರುವ ಪ್ರಶ್ನೆ ಅಣುಶಕ್ತಿ ಬೇಕೋ ಬೇಡವೋ ಎಂಬುದಷ್ಟೇ ಅಲ್ಲ, ಲೆಕ್ಕ ಕೇಳುವವರು ಇದ್ದಾರೋ ಇಲ್ಲವೋ ಎಂಬುದು.

ಲೆಕ್ಕ ಕೇಳಿದರೆ ಫಲ ಸಿಗುತ್ತದೆ. ಅಣು ಅವಘಡದ ಪರಿಹಾರ ಕುರಿತ ಮಸೂದೆಯನ್ನು 2010ರ ಮೇ ತಿಂಗಳಲ್ಲಿ ಮಂಡಿಸಿದಾಗ ಸ್ಥಾವರ ನಡೆಸುವವರ ಹೊಣೆಯ ಮಿತಿ 500 ಕೋಟಿ ರೂ. ಎಂದಿತ್ತು. ಮಸೂದೆ ಸಂಸತ್ತಿನ ಸ್ಥಾಯೀ ಸಮಿತಿಗೆ ಹೋಯಿತು. ಭೋಪಾಲ ಅನಿಲ ದುರಂತದ ತೀರ್ಪು ಹೊರಬಿದ್ದ ದಿನಗಳವು. ಸಮಿತಿಯ ಪರಿಶೀಲನೆ ಮುಗಿದು ಆಗಸ್ಟ್‌ನಲ್ಲಿ ಅಂಗೀಕಾರವಾಗುವಾಗ ಆ ಮೊತ್ತ 1,500 ಕೋಟಿಗೆ ಏರಿತ್ತು. ದೇಹಕ್ಕಾದ ಹಾನಿಗೆ ಪರಿಹಾರ ಕೇಳುವ ಅವಧಿ 10 ವರ್ಷದಿಂದ 20 ವರ್ಷಕ್ಕೆ ಹೆಚ್ಚಿತ್ತು. ಮೂರು ತಿಂಗಳ ವಿಳಂಬದಿಂದ ಜನರಿಗೆ ಸಿಕ್ಕಿದ ಲಾಭವಿದು.

2025ರ ಡಿಸೆಂಬರ್‌ನಲ್ಲಿ ಇದರ ತದ್ವಿರುದ್ಧ ನಡೆಯಿತು. 1962ರ ಅಣುಶಕ್ತಿ ಕಾಯಿದೆ ಮತ್ತು 2010ರ ಕಾಯಿದೆ ಎರಡರ ಜಾಗಕ್ಕೆ 'ಶಾಂತಿ' ಎಂಬ ಹೆಸರಿನ ಮಸೂದೆ ಬಂತು. ಖಾಸಗಿ ಕಂಪೆನಿಗಳಿಗೆ ಅಣು ವಿದ್ಯುತ್ ಕ್ಷೇತ್ರದ ಬಾಗಿಲು ತೆರೆಯುವ ಇಷ್ಟು ದೊಡ್ಡ ಮಸೂದೆ ಡಿಸೆಂಬರ್ 15ರಂದು ಮಂಡನೆಯಾಗಿ, 17ರಂದು ಲೋಕಸಭೆಯಲ್ಲಿ, 18ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. ಸಮಿತಿಗೆ ಒಪ್ಪಿಸಿ ಎಂಬ ವಿಪಕ್ಷಗಳ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ಅದರಲ್ಲಿ ಒಳ್ಳೆಯ ಅಂಶಗಳೂ ಇವೆ. ಅಣು ಸುರಕ್ಷೆಯ ನಿಯಂತ್ರಣ ಮಂಡಳಿಗೆ ಕಾನೂನಿನ ಸ್ಥಾನಮಾನ ನೀಡಿರುವುದು ಅಂಥದ್ದು. ಅದರ ಕೊರತೆಯನ್ನು ಮಹಾಲೇಖಪಾಲರ ವರದಿ 2012ರಲ್ಲೇ ಎತ್ತಿ ತೋರಿಸಿತ್ತು. ಆದರೆ ಹೌಸಿಂಗ್ ಸೊಸೈಟಿಯ ನಿಯಮ ತಿದ್ದುವುದಕ್ಕೂ ನೋಟಿಸು ಹಾಕಿ ವಾರಗಟ್ಟಲೆ ಕಾಯುವ ಜನರಿಗೆ, ದೇಶದ ಅಣು ಕಾನೂನು ನಾಲ್ಕೇ ದಿನದಲ್ಲಿ ಬದಲಾದದ್ದು ವಿಚಿತ್ರವೆನಿಸದಿರದು.

ಎಲ್ಲವನ್ನೂ ಬಹಿರಂಗವಾಗಿ ಕೇಳಿದರೆ ಶತ್ರುವಿಗೆ ಅನುಕೂಲ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಕ್ಷಿಪಣಿ ಎಲ್ಲಿದೆ, ಸೇನೆ ಯಾವಾಗ ಹೊರಡುತ್ತದೆ ಎಂಬುದನ್ನು ಯಾರೂ ಕೇಳಬೇಕಾಗಿಲ್ಲ. ಸಂಸತ್ತಿನ ಸ್ಥಾಯೀ ಸಮಿತಿಗಳು ಹೇಗೂ ಬಾಗಿಲು ಮುಚ್ಚಿಯೇ ಸೇರುತ್ತವೆ, ಸೂಕ್ಷ್ಮ ವಿಚಾರಗಳಿಗೆ ಅಲ್ಲಿ ಎಡೆಯಿದೆ. ಆದರೆ ಅಣ್ವಸ್ತ್ರವನ್ನು ಮೊದಲಾಗಿ ಬಳಸುವುದಿಲ್ಲ ಎಂಬ, 2003ರ ಜನವರಿಯಲ್ಲಿ ಘೋಷಿಸಿದ ನೀತಿ ಬದಲಾಗುವುದಾದರೆ ಅದನ್ನು ಸಂಸತ್ತಿಗೆ ಮೊದಲು ತಿಳಿಸುವಿರಾ? ತಾರಾಪುರದ ಹಳೆಯ ಘಟಕಗಳ ಸುರಕ್ಷಾ ವರದಿ ಸದನದ ಮುಂದೆ ಬರುವುದೇ? ಈ ಪ್ರಶ್ನೆಗಳಿಂದ ಯಾವ ಶತ್ರುವಿಗೂ ಲಾಭವಿಲ್ಲ, ಇಲ್ಲಿನ ಜನರಿಗೆ ಲಾಭವಿದೆ.

ಆದುದರಿಂದ ಸಂಘಗಳ ಪದಾಧಿಕಾರಿಗಳು ಒಂದು ಕೆಲಸ ಮಾಡಬಹುದು. ಮುಂದಿನ ಸಮಾರಂಭಕ್ಕೆ ಸಂಸದರನ್ನು ಆಮಂತ್ರಿಸುವಾಗ ಮನವಿ ಪತ್ರದಲ್ಲಿ ನೀರು, ರೈಲುಗಳ ಕೆಳಗೆ ಇನ್ನೊಂದು ಸಾಲು ಸೇರಿಸಲಿ. ಯುದ್ಧ ಮತ್ತು ಅಣು ನೀತಿಯ ಬಗ್ಗೆ ಈ ವರ್ಷ ಸದನದಲ್ಲಿ ತಾವು ಏನು ಕೇಳಿದಿರಿ ಎಂದು ವಿನಯದಿಂದಲೇ ಬರೆಯಲಿ. ಪಕ್ಷಭೇದವಿಲ್ಲದೆ, ಯಾರು ಬಂದರೂ ಅದೇ ಪ್ರಶ್ನೆ. ಶಾಲು, ಹಾರ ಇರಲಿ, ಅತಿಥಿ ಸತ್ಕಾರ ಬಿಡುವುದು ಬೇಡ. 1948ರಲ್ಲಿ ಮೈಸೂರಿನವರೊಬ್ಬರು ನೆಹರೂ ಅವರನ್ನೇ ಎದ್ದು ನಿಂತು ಕೇಳಿದ ಮೇಲೆ, ವಿಠ್ಠಲವಾಡಿಯ ಕನ್ನಡಿಗರು ಸ್ವಂತ ಸಂಸದರನ್ನು ಕೇಳಲು ಅಂಜಬೇಕಾದ ಕಾರಣವಿಲ್ಲ.