ಎದುರು ಮಾತಾಡೋದು ಕೊಬ್ಬಲ್ಲ

ಹಾಸ್ಟೆಲ್ ಗೆಳೆಯರೇ,

ಮೀಸೆ ಚಿಗುರುವ ವಯಸ್ಸಿಗೆ ಬಂದ ನಮ್ಮ ಹುಡುಗರ ಮೇಲೆ ಎಲ್ಲರದ್ದೂ ಒಂದೇ ದೂರು: "ಎದುರು ಮಾತಾಡ್ತವೆ." ಅಪ್ಪ ಹೇಳೋದೂ ಅದೇ, ಮೇಷ್ಟ್ರು ಹೇಳೋದೂ ಅದೇ. ಆದರೆ ಈ ಇಬ್ಬರ ಗದರಿಕೆ ಒಂದೇ ಅಲ್ಲ. ನಾವು ಬಿಡಿಸಿ ನೋಡಬೇಕು.

ಅಪ್ಪ "ಸುಮ್ಕಿರ್ಲಾ" ಅನ್ನೋದು ಯಾಕೆ? ಗೌಡನ ಜಗಲಿ ಕೆಳಗೆ ಕೈಕಟ್ಟಿ ನಿಂತು ಕಲಿತ ಮಾತು ಅದು. ಬಾಯಿ ತೆರೆದವನಿಗೆ ಕೂಲಿ ತಪ್ಪಿದ್ದನ್ನು, ಏಟು ಬಿದ್ದದ್ದನ್ನು ಅವನು ಕಂಡಿದ್ದಾನೆ. ಮಗ ಉಳೀಲಿ ಅಂತ ತನ್ನ ಭಯವನ್ನೇ ಮಗನಿಗೂ ಕೊಡುತ್ತಾನೆ. ಅವನ ಅಧಿಕಾರ ಹೊಸ್ತಿಲ ಒಳಗಿನದು. ಹೊಸ್ತಿಲು ದಾಟಿದರೆ ಅವನೂ ನಮ್ಮಂತೆ ಬಾಯಿಲ್ಲದವನೇ. ಅಪ್ಪನ ಹತ್ತಿರ ಜಗಳ ಬೇಡ, ಕೂತು ಮಾತಾಡೋಣ. ಆದರೆ ಅವ್ವನ ಮೇಲೆ ಅವನು ಕೈ ಎತ್ತಿದರೆ ಅಡ್ಡ ನಿಲ್ಲಲೇಬೇಕು. ಅಕ್ಕ ಕಾಲೇಜಿಗೆ ಹೋಗ್ತೀನಿ ಅಂದಾಗ ನಾವೇ "ಸುಮ್ಕಿರು" ಅಂದರೆ ಗೌಡನಿಗೂ ನಮಗೂ ಏನು ವ್ಯತ್ಯಾಸ?

ಶಾಲೆಯ ಮಾತು ಬೇರೆ. ಮೇಷ್ಟ್ರಿಗೆ ಅಧಿಕಾರ ಕೊಟ್ಟ ಕಾನೂನೇ ಅದಕ್ಕೆ ಗೆರೆಯನ್ನೂ ಎಳೆದಿದೆ. ಎರಡು ಹದಿನೇಳು ನೆನಪಿಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಕಿತ್ತು ಹಾಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯೋದನ್ನೂ ಮಾನಸಿಕವಾಗಿ ಹಿಂಸಿಸೋದನ್ನೂ ನಿಷೇಧಿಸಿದೆ. ಆದರೂ 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು. ಇಳಿ ಅಂದಾಗ ಇಳಿಯೋದು ವಿನಯವೇ? ಅಂಥ ವಿನಯವನ್ನು ನಮ್ಮ ಅಜ್ಜಂದಿರು ಬೇಕಾದಷ್ಟು ಮಾಡಿದ್ದಾರೆ, ಸಾಕು.

ಬಾಬಾಸಾಹೇಬರೂ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತವರು. ಜವಾನ ಬಂದರೆ ನೀರು, ಬಾರದಿದ್ದರೆ ಬಾಯಾರಿಕೆ. ಅದೇ ಹುಡುಗ ಬೆಳೆದು 1927ರಲ್ಲಿ ಸಾವಿರಾರು ಜನರ ಜೊತೆ ಮಹಾಡ್ ಕೆರೆಯ ನೀರು ಮುಟ್ಟಿದರು. ಒಬ್ಬರೇ ಹೋಗಲಿಲ್ಲ ಅನ್ನೋದನ್ನು ಗಮನಿಸಿ.

ನಾವೂ ಒಬ್ಬೊಬ್ಬರೇ ಕೂಗಾಡಿ ಟಿ.ಸಿ. ಕೈಗೆ ತಗೊಳ್ಳೋದು ಬೇಡ. ಅನ್ನದಲ್ಲಿ ಹುಳು ಬಂದರೆ, ಪೊರಕೆ ನಮ್ಮ ಹುಡುಗರ ಕೈಗೇ ಬಂದರೆ, ತಾರೀಖು ಹಾಕಿ ಬರೆಯಿರಿ, ಇಡೀ ಹಾಸ್ಟೆಲ್ ಸಹಿ ಹಾಕಿ. ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಚೆನ್ನಾಗಿ ಪಾಠ ಹೇಳುವ ಮೇಷ್ಟ್ರಿಗೆ ತಲೆಬಾಗೋಣ. ಅದು ಜ್ಞಾನಕ್ಕೆ ಕೊಡೋ ಮರ್ಯಾದೆ. ಜಾತಿ ನೋಡಿ ಗದರುವವನನ್ನು ಮಾತ್ರ ಕೇಳೇ ಕೇಳೋಣ: "ಯಾಕೆ ಸಾರ್?"

ನಾಳೆ ನಮ್ಮ ಜೂನಿಯರ್ ಹುಡುಗ ನಮ್ಮನ್ನೇ "ಯಾಕಣ್ಣ?" ಅಂತ ಕೇಳಿದರೆ ಅವನ ಬಾಯಿ ಮುಚ್ಚಿಸಬೇಡಿ. ಉತ್ತರ ಕೊಡಿ.